ಶಾಲೆಯ ಮೆಟ್ಟಿಲು ಹತ್ತದ ರೈತಕವಿ ಸ್ಟೆಫಾನ್ಸನ್: ಇವರನ್ನು ಯಾರಾದರೂ ಓದಿದ್ದೀರಾ?

ರೆಡ್‌ಡಿಯರ್_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಾನಿರುವುದು ಕೆನಡಾದ ಆಲ್ಬರ್ಟಾದಲ್ಲಿ, ಕ್ಯಾಲ್ಗರಿಗೂ ಎಡ್ಮಂಟನ್‌ಗೂ ನಡುವಿನ ರೆಡ್‌ಡಿಯರ್ ಊರಲ್ಲಿ. ಹೋದ ವಾರ ಊರಿಂದ ಬಂದಿರುವ ಅಮ್ಮನನ್ನು ಕರೆದುಕೊಂಡು ಹತ್ತಿರದ ಮಾರ್ಕರ್‌ವಿಲ್ ಕಡೆ ಹೋಗಿದ್ದೆ. ಅಲ್ಲಿ ಸ್ಟೆಫಾನ್ ಜಿ. ಸ್ಟೆಫಾನ್ಸನ್ ಅನ್ನುವ ಕವಿಯ ಮನೆ ಇದೆ. ಸರ್ಕಾರ ಅದನ್ನು ಹಾಗೇ ಕಾಪಾಡಿದೆ. ಗುಲಾಬಿ ಬಣ್ಣದ ಮರದ ಮನೆ, ಅಂಚಿಗೆ ಹಸಿರು.

ಇವರು ಹುಟ್ಟಿದ್ದು 1853ರಲ್ಲಿ, ಐಸ್‌ಲ್ಯಾಂಡಿನ ಉತ್ತರದ ಸ್ಕಾಗಾಫ್ಯೋರ್ದುರ್ ಸೀಮೆಯಲ್ಲಿ. ಬಡ ರೈತರ ಮನೆ. ಶಾಲೆಗೆ ಹೋಗಲೇ ಇಲ್ಲ. ಇಪ್ಪತ್ತು ತುಂಬುವ ಮೊದಲೇ, 1873ರಲ್ಲಿ, ಅಪ್ಪ ಅಮ್ಮನ ಜೊತೆ ಹಡಗು ಹತ್ತಿದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾಡು ಕಡಿದರು, ಆಮೇಲೆ ಇಲ್ಲಿಗೆ ಬಂದು ಮತ್ತೆ ಶುರುವಿನಿಂದ ಬೇಸಾಯ. ಹಗಲೆಲ್ಲ ಹೊಲ, ದನ, ಬೇಲಿ. ರಾತ್ರಿ ಕವಿತೆ. ಅದೂ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ! ಕವನ ಸಂಗ್ರಹದ ಹೆಸರು ಆಂಡ್ವೋಕುರ್, ಅಂದರೆ ನಿದ್ದೆಯಿಲ್ಲದ ರಾತ್ರಿಗಳು. ಒಟ್ಟು ಆರು ಸಂಪುಟ.

ಅವರ ಬರೆಯುವ ಕೋಣೆ ಬಾಗಿಲಲ್ಲಿ ನಾನು ಸುಮಾರು ಹೊತ್ತು ನಿಂತಿದ್ದೆ. ಕೋಣೆ ಚಿಕ್ಕದು. ಕಿಟಕಿ ಪಕ್ಕ ಮೇಜು. ಅಮ್ಮ ಕೇಳಿದ್ದು ಒಂದೇ ಮಾತು: "ಇಷ್ಟು ದೂರ ಬಂದು ಅವರ ಭಾಷೆಯಲ್ಲೇ ಬರೆದರೆ ಓದುವವರು ಯಾರಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಒಂದು ಕಾಲದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. ಇಲ್ಲಿಗೆ ಬಂದು ಹನ್ನೊಂದು ವರ್ಷ, ಒಂದು ಸಾಲೂ ಬರೆದಿಲ್ಲ. ಅವರಿಗೆ ಅದು ಹೇಗೆ ಸಾಧ್ಯವಾಯ್ತು?

ಮೂರನೇ_ಬೆಂಚು
ಹೆಸರೇ ಕೇಳಿರಲಿಲ್ಲ. ಹಾಕಿದ್ದಕ್ಕೆ ಥ್ಯಾಂಕ್ಸ್ ಸರ್.

ತುಂಗೆ_ದಂಡೆ
ಒಂದು ತಿದ್ದುಪಡಿ. ವಿಸ್ಕಾನ್ಸಿನ್‌ನಿಂದ ನೇರ ಆಲ್ಬರ್ಟಾಕ್ಕೆ ಬಂದವರಲ್ಲ. ನಡುವೆ 1880ರಿಂದ ಒಂಬತ್ತು ವರ್ಷ ಅಮೆರಿಕದಲ್ಲೇ ಡಕೋಟಾದಲ್ಲಿದ್ದರು, ಗಾರ್ದರ್ ಅನ್ನುವ ಐಸ್‌ಲ್ಯಾಂಡಿಗರ ಊರಲ್ಲಿ. ಅವರ ಅಪ್ಪ ತೀರಿಕೊಂಡಿದ್ದು ಅಲ್ಲೇ. ಒಬ್ಬ ಸಣ್ಣ ಮಗನನ್ನು ಮಣ್ಣು ಮಾಡಿದ್ದೂ ಅಲ್ಲೇ. ಅಂದರೆ ಒಂದೇ ಜೀವನದಲ್ಲಿ ಮೂರು ಸಲ ಹೊಸ ನೆಲ ಹಸನು ಮಾಡಿದ ಮನುಷ್ಯ. ಒಂದು ಸಲ ಮಾಡಿದವರಿಗೇ ಸೊಂಟ ಬಿದ್ದುಹೋಗುತ್ತದೆ.

ಡಕೋಟಾ ಬಿಟ್ಟು ಇವರ ಕಥೆ ಹೇಳುವುದಕ್ಕೆ ಆಗುವುದಿಲ್ಲ. 1888ರಲ್ಲಿ ಅಲ್ಲಿ ಇವರೂ ಇವರ ಗೆಳೆಯರೂ ಸೇರಿ ಒಂದು ಸಾಂಸ್ಕೃತಿಕ ಸಂಘ ಕಟ್ಟಿದರು. ಎಲ್ಲವನ್ನೂ ಪ್ರಶ್ನಿಸಿ ಯೋಚಿಸಬೇಕು ಅನ್ನುವ ಗುಂಪು. ಚರ್ಚಿನವರಿಗೂ ಇವರಿಗೂ ಸರಿಹೋಗಲಿಲ್ಲ. ಶಾಲೆಗೆ ಹೋಗದ ಈ ರೈತ, ಅಮೆರಿಕದ ಚಿಂತಕರಾದ ಎಮರ್ಸನ್, ಇಂಗರ್‌ಸಾಲ್ ಎಲ್ಲ ಓದಿಕೊಂಡು ಪಾದ್ರಿಗಳ ಜೊತೆ ವಾದಕ್ಕೆ ನಿಲ್ಲುತ್ತಿದ್ದರು.

ರೆಡ್‌ಡಿಯರ್_ಕನ್ನಡಿಗ
ಸರಿ ಸರ್, ಡಕೋಟಾ ಬಿಟ್ಟೇ ಹೋಯ್ತು. ಸೇರಿಸಿ ಓದಿಕೊಳ್ಳಿ ಎಲ್ಲರೂ.

ಬಯಲುಸೀಮೆ_ಬಸವ
ಆಲ್ಬರ್ಟಾದಲ್ಲಿ ಜಮೀನು ಹೇಗೆ ಸಿಕ್ಕಿತು? ದುಡ್ಡು ಎಲ್ಲಿಂದ ಬಂತು ಬಡವರಿಗೆ?

ತುಂಗೆ_ದಂಡೆ
ಬಸವ ಅವರೇ, ಆಗ ಕೆನಡಾ ಸರ್ಕಾರದ ಕಾನೂನು ಹಾಗಿತ್ತು. 10 ಡಾಲರ್ ಶುಲ್ಕ ಕಟ್ಟಿದರೆ 160 ಎಕರೆ. ಮೂರು ವರ್ಷ ಅಲ್ಲೇ ವಾಸ ಮಾಡಬೇಕು, ಮನೆ ಕಟ್ಟಬೇಕು, ಒಂದಿಷ್ಟು ನೆಲ ಉತ್ತು ತೋರಿಸಬೇಕು. ಆಗ ಪಟ್ಟಾ ಕೈಗೆ. ಕೇಳುವುದಕ್ಕೆ ಸುಲಭ. 1889ರಲ್ಲಿ ಇವರು ಬಂದಾಗ ರೈಲು ಇದ್ದದ್ದು ಕ್ಯಾಲ್ಗರಿವರೆಗೆ ಮಾತ್ರ. ಉತ್ತರಕ್ಕೆ ಹೋಗುವ ಎಡ್ಮಂಟನ್ ಮಾರ್ಗ ಮುಗಿದದ್ದು 1891ಕ್ಕೆ. ಅಲ್ಲಿಯವರೆಗೆ ಹೆಂಡತಿ ಮಕ್ಕಳು, ಪಾತ್ರೆ ಪಡಗ ಎಲ್ಲ ಗಾಡಿಯಲ್ಲಿ. ಸೇತುವೆ ಇಲ್ಲದ ಹೊಳೆ ದಾಟಬೇಕು.

ಹಳೇ_ಮೈಸೂರು
160 ಎಕರೆ 10 ಡಾಲರಿಗೆ! ನಮ್ಮಜ್ಜ ಕೇಳಿದ್ದರೆ ಅವತ್ತೇ ಗಂಟು ಕಟ್ಟುತ್ತಿದ್ದರು.

ಶಾಲ್ಮಲೆ
ಸರ್ಕಾರ ಕೊಟ್ಟ ಆ ನೆಲ ಖಾಲಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕಲ್ವಾ? ಅಲ್ಲಿನ ಮೂಲನಿವಾಸಿಗಳ ನೆಲ ಅದು. 1870ರ ದಶಕದ ಒಪ್ಪಂದಗಳಲ್ಲಿ ಕ್ರೀ, ಬ್ಲ್ಯಾಕ್‌ಫುಟ್ ಮತ್ತಿತರ ಜನರನ್ನು ಮೀಸಲು ಜಾಗಗಳಿಗೆ ಸರಿಸಿದ ಮೇಲೆಯೇ ವಲಸಿಗರಿಗೆ ಎಕರೆಗಟ್ಟಲೆ ಹಂಚಿದ್ದು. ಕವಿಯನ್ನು ಪ್ರೀತಿಸೋಣ. ಇದನ್ನೂ ಮರೆಯಬಾರದು.

ತುಂಗೆ_ದಂಡೆ
ಒಪ್ಪಿದೆ ಶಾಲ್ಮಲೆ ಅವರೇ. ನಾನೇ ಬರೆಯಬೇಕಿತ್ತು.

ಅಡಿಕೆ_ತೋಟ
"ಶಾಲೆಯ ಮೆಟ್ಟಿಲು ಹತ್ತದ" ಅಂತ ಶೀರ್ಷಿಕೆ ಕೊಟ್ಟಿದ್ದೀರಿ. ಇದಕ್ಕೆ ನನ್ನ ತಕರಾರಿದೆ. ಶಾಲೆ ಇಲ್ಲ ಅಂದರೆ ಕಲಿಕೆ ಇಲ್ಲ ಅಂತ ಅಲ್ಲ. ಐಸ್‌ಲ್ಯಾಂಡಿನಲ್ಲಿ ಮಕ್ಕಳಿಗೆ ಓದು ಕಲಿಸುತ್ತಿದ್ದದ್ದು ಮನೆಯಲ್ಲಿ. ಪಾದ್ರಿ ಬಂದು ಪರೀಕ್ಷೆ ಮಾಡುತ್ತಿದ್ದರು. ಎಂಥ ಬಡವರ ಮನೆಯಲ್ಲೂ ಓದು ಬರುತ್ತಿತ್ತು.

ಅದಕ್ಕಿಂತ ದೊಡ್ಡದು ಅವರ ಕ್ವೋಲ್ಡ್‌ವಾಕಾ. ಚಳಿಗಾಲದ ಸಂಜೆ ಮನೆಮಂದಿ, ಆಳುಕಾಳು ಎಲ್ಲ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ನೂಲುತ್ತಾರೆ, ಹೆಣೆಯುತ್ತಾರೆ. ಒಬ್ಬರು ದೀಪದ ಹತ್ತಿರ ಕೂತು ಹಳೆಯ ವೀರಗಾಥೆ ಓದುತ್ತಾರೆ, ಇಲ್ಲಾ ರೀಮುರ್ ಅನ್ನುವ ಕಥನಪದ್ಯ ರಾಗವಾಗಿ ಹೇಳುತ್ತಾರೆ. ನಮ್ಮಲ್ಲಿ ಮಳೆಗಾಲದ ರಾತ್ರಿ ಭಾರತ ಓದಿಸುತ್ತಿರಲಿಲ್ಲವಾ? ಹಾಗೇ. ನಮ್ಮ ಮನೆ ಜಗುಲಿಯಲ್ಲಿ ಹೆಂಗಸರು ಅಡಿಕೆ ಸುಲಿಯುತ್ತ, ಗಂಡಸರು ಹಗ್ಗ ಹೊಸೆಯುತ್ತ ಗಮಕ ಕೇಳುತ್ತಿದ್ದರು. ಸಹಿ ಹಾಕಲು ಬಾರದ ನಮ್ಮ ದೊಡ್ಡಮ್ಮನಿಗೆ ನೂರಾರು ಷಟ್ಪದಿ ಬಾಯಿಗೆ ಬರುತ್ತಿತ್ತು. ಅವರನ್ನು ಅವಿದ್ಯಾವಂತೆ ಅನ್ನುತ್ತೀರಾ?

ಹಾಗಾಗಿ "ತಾನೇ ಕಲಿತವನು" ಅನ್ನುವ ಮಾತು ಅರ್ಧ ಸತ್ಯ. ಮನೆ ಕಲಿಸಿತು, ಊರು ಕಲಿಸಿತು.

ರೆಡ್‌ಡಿಯರ್_ಕನ್ನಡಿಗ
ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಶಾಲೆ ಸಿಗಲಿಲ್ಲ ಅನ್ನುವ ನೋವು ಅವರಿಗೆ ಇತ್ತು ಸರ್. ಅದನ್ನು ಅವರೇ ಬರೆದುಕೊಂಡಿದ್ದಾರೆ. ಹುಡುಗನಾಗಿದ್ದಾಗ ಒಂದು ದಿನ ಮನೆ ಹೊರಗೆ ನಿಂತಿದ್ದರಂತೆ. ಮೂವರು ಕುದುರೆ ಮೇಲೆ ಹಾದುಹೋದರು, ರೇಕ್ಯಾವಿಕ್‌ನ ಶಾಲೆಗೆ ಹೊರಟವರು. ಇವರು ಬಯಲಿಗೆ ಓಡಿಹೋಗಿ, ಒಂದು ತಗ್ಗಿನಲ್ಲಿ ಬಿದ್ದುಕೊಂಡು ಅತ್ತರು. ಅವರ ಅಮ್ಮ ಹುಡುಕಿಕೊಂಡು ಬಂದು ಯಾಕೆ ಅಂತ ಕೇಳಿದರು.

ಇದನ್ನು ನಮ್ಮಮ್ಮನಿಗೆ ಹೇಳಿದೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ಕಾರಲ್ಲಿ ಮನೆಗೆ ಬರುವವರೆಗೂ ಮಾತೇ ಆಡಲಿಲ್ಲ.

ಹಳೇ_ಮೈಸೂರು
ಅಮ್ಮನಿಗೆ ನಮಸ್ಕಾರ ತಿಳಿಸಿ.

ಕೊಡಚಾದ್ರಿ_ನೆರಳು
ಆ ಹುಡುಗನೇ ಮುಂದೆ ಆಲ್ಬರ್ಟಾದಲ್ಲಿ ಶಾಲೆ ಕಟ್ಟುವುದಕ್ಕೆ ಮುಂದೆ ನಿಂತ ನೋಡಿ. ಆ ಶಾಲೆಗೆ ಹೋಲಾ ಅಂತ ಹೆಸರು. ಸ್ಕಾಗಾಫ್ಯೋರ್ದುರ್ ಸೀಮೆಯಲ್ಲಿ ಹೋಲಾರ್ ಅಂತ ಹಳೆಯ ವಿದ್ಯಾಪೀಠ ಇತ್ತು, ಬಿಷಪ್ಪರ ಊರು. ಅದರ ನೆನಪಿಗೆ. ಅಂಚೆ ಕಚೇರಿಗೆ ಟಿಂಡಸ್ಟೋಲ್ ಅಂತ ತಮ್ಮೂರಿನ ಬೆಟ್ಟದ ಹೆಸರು. ಬೆಟ್ಟ ಹೊತ್ತು ತರುವುದಕ್ಕೆ ಆಗಲಿಲ್ಲ, ಹೆಸರು ತಂದರು.

ಹಾಲು_ಡೇರಿ
ಮಾರ್ಕರ್‌ವಿಲ್ ಅಂದ ತಕ್ಷಣ ನನಗೆ ನೆನಪಾಗುವುದು ಬೆಣ್ಣೆ. 1899ರಲ್ಲಿ ಊರವರೆಲ್ಲ ಸೇರಿ ಮಾಡಿದ ಕ್ರೀಮರಿ, ಅಂದರೆ ಬೆಣ್ಣೆ ಕಾರ್ಖಾನೆ, ಅಲ್ಲಿದೆ. ಈಗ ಮ್ಯೂಸಿಯಂ. ಊರಿಗೆ ಆ ಹೆಸರು ಬಂದದ್ದೂ ಮಾರ್ಕರ್ ಅನ್ನುವ ಡೇರಿ ಅಧಿಕಾರಿಯಿಂದ. ನಮ್ಮ ಹಾಲು ಸೊಸೈಟಿಗಳ ಹಾಗೇ. ಮನೆಮನೆಯಿಂದ ಕೆನೆ ತಂದು ಹಾಕುವುದು, ಲೆಕ್ಕ ಬರೆಸುವುದು, ದುಡ್ಡು ತಗೊಳ್ಳುವುದು. ಅದು ಶುರುವಾದ ಮೇಲೇ ಅಲ್ಲಿನ ರೈತರ ಕೈಯಲ್ಲಿ ನಗದು ಓಡಾಡಿದ್ದು.

ಕೊಡಚಾದ್ರಿ_ನೆರಳು
ಅಲ್ಲಿ ವೀನಾರ್‌ಟೆರ್ಟಾ ಸಿಕ್ಕಿದರೆ ತಿನ್ನಿ. ಐಸ್‌ಲ್ಯಾಂಡಿಗರ ಪದರ ಪದರದ ಕೇಕು, ನಡುವೆ ಒಣ ಪ್ಲಮ್ ಹಣ್ಣಿನ ಗೊಜ್ಜು. ಐಸ್‌ಲ್ಯಾಂಡಿನಲ್ಲೇ ಈಗ ಅಷ್ಟಾಗಿ ಮಾಡುವುದಿಲ್ಲ, ಕೆನಡಾದವರು ಮಾತ್ರ ಬಿಟ್ಟಿಲ್ಲ.

ಹಳೇ_ಮೈಸೂರು
ಹೊರಗೆ ಹೋದವರು ಹಾಗೇ ಅಲ್ವಾ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಸಂಕ್ರಾಂತಿಗೆ ಇನ್ನೂ ಸಕ್ಕರೆ ಅಚ್ಚು ಮನೆಯಲ್ಲೇ ಹಾಕುತ್ತಾರೆ, ನ್ಯೂಜೆರ್ಸಿಯಲ್ಲಿ. ನಾವು ಮೈಸೂರಲ್ಲಿ ಅಂಗಡಿಯಿಂದ ತರುತ್ತೇವೆ.

ಪ್ರಾಸಪ್ರಿಯ
ಕೇಕು ಬಿಡಿ, ಪದ್ಯಕ್ಕೆ ಬನ್ನಿ. ಐಸ್‌ಲ್ಯಾಂಡಿಕ್ ಪದ್ಯದ ಕಟ್ಟು ನಮ್ಮವರಿಗೆ ಬೇಗ ಹಿಡಿಸುತ್ತದೆ. ಅವರಿಗೆ ಅಕ್ಷರದ ಕಟ್ಟುಪಾಡು ತುಂಬ ಮುಖ್ಯ. ಎರಡು ಸಾಲಿನ ಜೋಡಿಯಲ್ಲಿ, ಮೊದಲ ಸಾಲಿನ ಎರಡು ಒತ್ತುಳ್ಳ ಪದಗಳು ಒಂದೇ ದನಿಯಿಂದ ಶುರುವಾಗಬೇಕು. ಎರಡನೇ ಸಾಲಿನ ಮೊದಲ ಒತ್ತುಳ್ಳ ಪದವೂ ಅದೇ ದನಿಯಿಂದಲೇ. ಸ್ವರವಾದರೆ ಯಾವ ಸ್ವರಕ್ಕೆ ಯಾವ ಸ್ವರವಾದರೂ ಸರಿ. ಸಾವಿರ ವರ್ಷದಿಂದ ಬಿಟ್ಟುಕೊಟ್ಟಿಲ್ಲ. ಸ್ಟೆಫಾನ್ಸನ್ ಆಲ್ಬರ್ಟಾದ ಹಿಮದ ಬಗ್ಗೆ ಬರೆದರೂ ಇದೇ ಕಟ್ಟು.

ಸುಮ್ನೆ ಅರ್ಥವಾಗಲಿ ಅಂತ ಕನ್ನಡದಲ್ಲಿ ಒಂದು ಕಟ್ಟಿದ್ದೇನೆ:

ಬೆಳ್ಳನೆ ಹಿಮದಲಿ ಬೇಲಿಯು ಮುಳುಗಿದೆ
ಬೆಳಕಿಗೆ ಕಾದಿದೆ ಕೊಟ್ಟಿಗೆ ಹಸು

ಬೆ, ಬೇ, ಬೆ. ಗೊತ್ತಾಯ್ತಾ?

ಅಡಿಕೆ_ತೋಟ
ಚೆನ್ನಾಗಿದೆ. ಆದರೆ ನಮ್ಮ ಆದಿಪ್ರಾಸ ಕೆಟ್ಟಿತಲ್ಲ ಮಾರಾಯ್ರೇ. ಒಂದು ಕಡೆ ಎರಡನೇ ಅಕ್ಷರ ಳ್ಳ, ಇನ್ನೊಂದು ಕಡೆ ಬರೀ ಳ. ಮೊದಲ ಅಕ್ಷರ ಅಲ್ಲಿ ಗುರು, ಇಲ್ಲಿ ಲಘು.

ಪ್ರಾಸಪ್ರಿಯ
ಅವರ ನಿಯಮ ಬೇರೆ, ನಮ್ಮದು ಬೇರೆ ಸರ್. ಅವರದ್ದು ಮೊದಲ ದನಿ, ನಮ್ಮದು ಎರಡನೇ ಅಕ್ಷರ. ಆದರೂ ನೀವು ಕೇಳಿದಿರಿ ಅಂತ ಎರಡೂ ನಿಯಮ ಸಲ್ಲುವ ಹಾಗೆ:

ಬೆಳ್ಳನೆ ಹಿಮದಲಿ ಬೇಲಿಯು ಮುಳುಗಿದೆ
ಬಳ್ಳದ ಹಾಲಿಗೆ ಕಾದಿದೆ ಮನೆ

ಅಡಿಕೆ_ತೋಟ
ಭೇಷ್! ಈಗ ಒಪ್ಪಿದೆ.

ಶಾಲ್ಮಲೆ
ಎಲ್ಲರೂ ರಾತ್ರಿ ಬರೆದರು, ರಾತ್ರಿ ಬರೆದರು ಅನ್ನುತ್ತೀರಿ. ಬೆಳಿಗ್ಗೆ ಎದ್ದು ಹಾಲು ಕರೆದವರು ಯಾರು? ಹೆಂಡತಿ ಹೆಲ್ಗಾ ಹೆಸರು ಇಲ್ಲಿವರೆಗೆ ಯಾರೂ ಎತ್ತಲಿಲ್ಲ. 1878ರಲ್ಲಿ ಮದುವೆ, ಎಂಟು ಮಕ್ಕಳು, ಮೂರು ಸಲ ಮನೆ ಖಾಲಿ ಮಾಡಿ ಮೂರು ಸಲ ಹೊಸದಾಗಿ ಒಲೆ ಹೂಡಿದ ಹೆಂಗಸು. ಕವಿ ಎಚ್ಚರವಾಗಿದ್ದ ರಾತ್ರಿಗಳ ಹಿಂದೆ ಆಕೆಯ ಹಗಲುಗಳಿವೆ. ಐಸ್‌ಲ್ಯಾಂಡಿನಲ್ಲಿ ಕವಿಗೆ ಸ್ಮಾರಕ ಕಟ್ಟಿದ್ದಾರೆ. ಹೆಲ್ಗಾಗೆ ಏನಿದೆ?

ಬಯಲುಸೀಮೆ_ಬಸವ
ಇದು ಅನ್ಯಾಯದ ಮಾತು ಅನ್ನಿಸುತ್ತದೆ ಮೇಡಂ. ಆತ ಕುಡಿದು ಮಲಗಿದವನಲ್ಲ. ಹಗಲೆಲ್ಲ ದುಡಿದ, ತನ್ನ ನಿದ್ದೆ ಬಿಟ್ಟು ಬರೆದ. ಬೇರೆಯವರ ನಿದ್ದೆ ಕದ್ದನಾ?

ಶಾಲ್ಮಲೆ
ಬಸವ ಅವರೇ, ನಾನು ಆತನನ್ನು ಬೈಯುತ್ತಿಲ್ಲ. ನಮ್ಮಪ್ಪನೂ ಯಕ್ಷಗಾನದ ಪದ ಬರೆಯುತ್ತಿದ್ದರು. ಗದ್ದೆ ಕೆಲಸ ಮುಗಿಸಿ, ಊಟ ಮಾಡಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ಕರೆಂಟು ಇಲ್ಲದ ಮನೆ. ಚಿಮಣಿ ಬುಡ್ಡಿಯ ಗಾಜು ದಿನಾ ಬೂದಿ ಹಾಕಿ ಉಜ್ಜುತ್ತಿದ್ದದ್ದು ಅಮ್ಮ. ಸೀಮೆಎಣ್ಣೆ ರೇಶನ್ನಿನಲ್ಲಿ ತಿಂಗಳಿಗೆ ಇಷ್ಟೇ ಅಂತ. ಅಪ್ಪನಿಗೆ ಉಳಿಯಲಿ ಅಂತ ಅಮ್ಮ ಒಲೆಯ ಬೆಳಕಲ್ಲೇ ಪಾತ್ರೆ ತೊಳೆಯುತ್ತಿದ್ದರು. ಅಪ್ಪನ ಪದ ಮೇಳದಲ್ಲಿ ಹಾಡಿದಾಗ ಊರವರು ಹೊಗಳಿದ್ದು ಅಪ್ಪನನ್ನು. ಸರಿಯೇ, ಬರೆದದ್ದು ಅವರೇ. ಆದರೆ ಆ ಗಾಜು ನನ್ನ ಕಣ್ಣಲ್ಲಿದೆ.

ಬಯಲುಸೀಮೆ_ಬಸವ
ತಪ್ಪಾಯ್ತು ಮೇಡಂ. ನಿಮ್ಮ ಮಾತು ಈಗ ಅರ್ಥವಾಯ್ತು.

ಮೂರನೇ_ಬೆಂಚು
ಆ ಕ್ಯಾಲೆಂಡರುಗಳು ಈಗಲೂ ಇವೆಯಾ?

ಶಾಲ್ಮಲೆ
ಕ್ಯಾಲೆಂಡರು ಹೋದವು. ಆಮೇಲೆ ಒಂದು ನೋಟ್‌ಬುಕ್ಕಿಗೆ ಇಳಿಸಿದ್ದರು, ಅದು ಅಣ್ಣನ ಮನೆಯಲ್ಲಿದೆ.

ಎರಡಕ್ಷರದ_ಇನಿಷಿಯಲ್
ಇವರ ಹೆಸರಿನ ಕಥೆ ಯಾರೂ ಹೇಳಲಿಲ್ಲ. ಹುಟ್ಟಿದಾಗ ಸ್ಟೆಫಾನ್ ಗುದ್ಮುಂಡುರ್ ಗುದ್ಮುಂಡ್ಸನ್. ಗುದ್ಮುಂಡುರನ ಮಗ ಅಂತ. ಐಸ್‌ಲ್ಯಾಂಡಿಗರಿಗೆ ಮನೆತನದ ಹೆಸರು ಇರುವುದಿಲ್ಲ, ಅಪ್ಪನ ಹೆಸರೇ. ಅಪ್ಪನದ್ದು ಗುದ್ಮುಂಡುರ್ ಸ್ಟೆಫಾನ್ಸನ್. ಅಮೆರಿಕಕ್ಕೆ ಬಂದ ಮೇಲೆ ಅಪ್ಪನ ಕೊನೆಯ ಹೆಸರು ಮಗನಿಗೂ ಅಂಟಿತು. ಲೆಕ್ಕ ಹಾಕಿದರೆ ಸ್ಟೆಫಾನ್ಸನ್ ಆಗಿದ್ದದ್ದು ಅಪ್ಪ ಮಾತ್ರ, ಯಾಕಂದರೆ ತಾತನ ಹೆಸರು ಸ್ಟೆಫಾನ್.

ನನಗೂ ಇದೇ ಆಗಿದೆ. ಊರು, ಅಪ್ಪ, ಎರಡು ಇನಿಷಿಯಲ್, ಆಮೇಲೆ ನನ್ನ ಹೆಸರು. ಇಲ್ಲಿ ಒಂದು ಕಚೇರಿಯಲ್ಲಿ ಊರಿನ ಹೆಸರನ್ನೇ ನನ್ನ ಹೆಸರು ಮಾಡಿಬಿಟ್ಟರು. ಆರು ವರ್ಷದಿಂದ ಸಹೋದ್ಯೋಗಿಗಳು ನನ್ನನ್ನು ನನ್ನ ಊರಿನ ಹೆಸರಿಂದ ಕರೆಯುತ್ತಿದ್ದಾರೆ. ತಿದ್ದಿಸುವುದಕ್ಕೆ ಎಷ್ಟು ಅರ್ಜಿ ಹಾಕಿದೆನೋ.

ಹಳೇ_ಮೈಸೂರು
ನನ್ನ ತಂಗಿಯ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಟಿಕೆಟ್ಟಿನಲ್ಲಿ ಅದೇ ಹೆಸರು ಎರಡು ಸಲ ಬಂದಿತ್ತು!

ತುಂಗೆ_ದಂಡೆ
ಅಮ್ಮ ಕೇಳಿದ ಪ್ರಶ್ನೆಗೆ ಬರೋಣ, ಅದೇ ಮುಖ್ಯ. ಓದುವವರು ಯಾರು? ಉತ್ತರ: ಕೆನಡಾದ ವಿನಿಪೆಗ್ ನಗರದ ಎರಡು ವಾರಪತ್ರಿಕೆಗಳ ಓದುಗರು. 1886ರಲ್ಲಿ ಹೈಮ್ಸ್‌ಕ್ರಿಂಗ್ಲಾ, 1888ರಲ್ಲಿ ಲೋಗ್‌ಬರ್ಗ್. ಎರಡೂ ಐಸ್‌ಲ್ಯಾಂಡಿಕ್ ಭಾಷೆಯವು, ಒಂದಕ್ಕೊಂದು ಆಗುತ್ತಿರಲಿಲ್ಲ. ಮ್ಯಾನಿಟೋಬಾ, ಡಕೋಟಾ, ಆಲ್ಬರ್ಟಾದಲ್ಲಿ ಚೆದುರಿದ ಹಳ್ಳಿಗಳಿಗೆ ಅಂಚೆಯಲ್ಲಿ ಹೋಗುತ್ತಿದ್ದವು. ಇವರ ಕವಿತೆ ಅಂಥ ಪತ್ರಿಕೆಗಳಲ್ಲಿ ಬರುತ್ತಿತ್ತು. ಹೊಲದವರು ಓದಿ ಜಗಳ ಆಡುತ್ತಿದ್ದರು, ಪದ್ಯಕ್ಕೆ ಪದ್ಯದಲ್ಲೇ ಉತ್ತರ ಕೊಡುವವರೂ ಇದ್ದರು. ಆಂಡ್ವೋಕುರ್‌ನ ಮೊದಲ ಮೂರು ಸಂಪುಟ 1909-10ರಲ್ಲಿ ಬಂದದ್ದೂ ಅಮೆರಿಕ, ಕೆನಡಾದ ಐಸ್‌ಲ್ಯಾಂಡಿಗ ಗೆಳೆಯರು ದುಡ್ಡು ಹಾಕಿದ್ದರಿಂದ. ಆ ಎರಡು ಪತ್ರಿಕೆಗಳು 1959ರಲ್ಲಿ ಒಂದಾದವು.

ಹಾಗಾಗಿ ಕಾಡಿನಲ್ಲಿ ಒಬ್ಬಂಟಿಯಾಗಿ ಕೂತು ಬರೆದ ಮಹಾತ್ಮ ಅನ್ನುವ ಚಿತ್ರ ಸರಿಯಲ್ಲ. ಅವರಿಗೆ ಓದುಗರಿದ್ದರು. ಬರೆದ ಕೆಲವು ವಾರಕ್ಕೆ ಒಬ್ಬರಾದರೂ ಹೊಗಳುತ್ತಿದ್ದರು, ಒಬ್ಬರಾದರೂ ಬೈಯುತ್ತಿದ್ದರು. ರೆಡ್‌ಡಿಯರ್ ಅವರೇ, ನೀವು ಹನ್ನೊಂದು ವರ್ಷ ಬರೆಯದೆ ಇದ್ದದ್ದಕ್ಕೆ ಕಾರಣ ಸೋಮಾರಿತನ ಅಂತ ನನಗೆ ಅನ್ನಿಸುವುದಿಲ್ಲ. ಬರೆದರೆ ಯಾರಿಗೆ ಕೊಡುತ್ತಿದ್ದಿರಿ?

ರೆಡ್‌ಡಿಯರ್_ಕನ್ನಡಿಗ
ಇದಕ್ಕೆ ಏನು ಹೇಳಲಿ ಸರ್. ನಿಜ. ಇಲ್ಲಿ ರಾಜ್ಯೋತ್ಸವಕ್ಕೆ ಎಲ್ಲರೂ ಸೇರುತ್ತೇವೆ. ಹಾಡು, ಊಟ ಎಲ್ಲ ಚೆನ್ನಾಗಿರುತ್ತದೆ. "ಏನಾದರೂ ಬರೆದಿದ್ದೀಯಾ?" ಅಂತ ಯಾರೂ ಕೇಳಿಲ್ಲ. ನಾನೂ ಯಾರನ್ನೂ ಕೇಳಿಲ್ಲ.

ಕೊಡಚಾದ್ರಿ_ನೆರಳು
ಬೈಗುಳದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಮೊದಲ ಮಹಾಯುದ್ಧದ ಹೊತ್ತಿಗೆ ಇವರು ಯುದ್ಧದ ವಿರುದ್ಧ ಕಟುವಾಗಿ ಬರೆದರು. 1920ರಲ್ಲಿ ಆ ಕವಿತೆಗಳು ವೀಗ್‌ಸ್ಲೋದಿ ಅನ್ನುವ ಪುಸ್ತಕವಾಗಿ ಬಂದವು. ಐಸ್‌ಲ್ಯಾಂಡಿಗರ ಎಷ್ಟೋ ಮಕ್ಕಳು ಕೆನಡಾ ಸೈನ್ಯಕ್ಕೆ ಸೇರಿ ಸತ್ತಿದ್ದರು. ಸ್ವಂತ ಜನವೇ ಇವರನ್ನು ದೇಶದ್ರೋಹಿ ಅಂತ ಕರೆಯಿತು. ಇವರು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಯಲುಸೀಮೆ_ಬಸವ
ಸತ್ತ ಮಕ್ಕಳ ಅಪ್ಪ ಅಮ್ಮಂದಿರಿಗೆ ಎಷ್ಟು ನೋವಾಗಿರಬೇಕು ಅದೂ ಯೋಚಿಸಿ. ಮಗ ಸುಮ್ನೆ ಸತ್ತ ಅಂತ ಕವಿ ಹೇಳಿದ ಹಾಗಾಯ್ತಲ್ಲ.

ಕೊಡಚಾದ್ರಿ_ನೆರಳು
ಬಸವ ಅವರೇ, ಮಗನನ್ನು ಕಳೆದುಕೊಳ್ಳುವುದು ಏನು ಅಂತ ಅವರಿಗೂ ಗೊತ್ತಿತ್ತು. 1909ರ ಜುಲೈ. ಮಗ ಗೆಸ್ಟುರ್‌ಗೆ 16 ವರ್ಷ. ಗುಡುಗು ಮಳೆ. ಸಿಡಿಲು ಬೇಲಿಯ ತಂತಿಗೆ ಹೊಡೆದಿತ್ತು, ಹುಡುಗ ತಂತಿ ಮುಟ್ಟಿದ. ಅಷ್ಟೇ. ಮೂರು ಕಡೆ ನೆಲ ಹಸನು ಮಾಡಿ, ಕೈಯಾರೆ ಬೇಲಿ ಕಟ್ಟಿಕೊಂಡು ಬಂದವರು. ಮಗನ ಮೇಲೆ ಬರೆದ ಕವಿತೆ ಓದಿದ್ದೇನೆ, ಅನುವಾದದಲ್ಲಿ. ಪೂರ್ತಿ ಓದುವುದಕ್ಕೆ ಎರಡು ದಿನ ಹಿಡಿಯಿತು. ಅದೇ ವರ್ಷ ಅವರ ಮೊದಲ ಸಂಪುಟ ಅಚ್ಚಾಗಿ ಬಂತು.

ಬಯಲುಸೀಮೆ_ಬಸವ
ಅಯ್ಯೋ.

ಹಾಲು_ಡೇರಿ
ಮಳೆಗಾಲದಲ್ಲಿ ನಮ್ಮಲ್ಲೂ ಮಕ್ಕಳನ್ನು ತಂತಿಬೇಲಿ ಹತ್ತಿರ ಬಿಡುವುದಿಲ್ಲ. ಯಾಕೆ ಅಂತ ಅಪ್ಪ ಹೇಳಿರಲಿಲ್ಲ. ಈಗ ಗೊತ್ತಾಯ್ತು.

ಪ್ರಾಸಪ್ರಿಯ
ಅವರು ಐಸ್‌ಲ್ಯಾಂಡಿಗೆ ವಾಪಸ್ ಹೋಗಲೇ ಇಲ್ಲವಾ?

ತುಂಗೆ_ದಂಡೆ
ಒಂದೇ ಸಲ, 1917ರಲ್ಲಿ. ಅಲ್ಲಿನ ಜನರೇ ಕರೆಸಿಕೊಂಡರು, ಯುವಕ ಸಂಘಗಳೆಲ್ಲ ಸೇರಿ. 44 ವರ್ಷದ ನಂತರ! ನಾಡೆಲ್ಲ ಸುತ್ತಿಸಿ ಸನ್ಮಾನ ಮಾಡಿದರು. ಮತ್ತೆ ಆಲ್ಬರ್ಟಾಕ್ಕೆ ಬಂದು ಅದೇ ಹೊಲ, ಅದೇ ದನ. 1927ರ ಆಗಸ್ಟಿನಲ್ಲಿ ತೀರಿಕೊಂಡರು. ಮಣ್ಣಾದದ್ದು ಮಾರ್ಕರ್‌ವಿಲ್ ಹತ್ತಿರವೇ.

ಅವರ ಕವಿತೆಗಳಲ್ಲಿ ಐಸ್‌ಲ್ಯಾಂಡಿನವರಿಗೆಲ್ಲ ಬಾಯಿಗೆ ಬರುವುದು 1904ರ ಒಂದು ಕವಿತೆ. ಎಷ್ಟೇ ದೇಶ ಸುತ್ತಿದರೂ ನಿನ್ನ ಮನಸ್ಸು, ಎದೆ ಹುಟ್ಟಿದ ನೆಲದ ಹೋಲಿಕೆಯನ್ನೇ ಹೊತ್ತಿರುತ್ತವೆ ಅಂತ ಅದರ ಭಾವ. ಅದರಲ್ಲಿ ನನಗೆ ಹಿಡಿಸಿದ್ದು ನೆಂಟಸ್ತಿಕೆ. ಅಗ್ನಿಪರ್ವತ, ಜಲಪಾತ, ಬಿಸಿನೀರ ಬುಗ್ಗೆ, ಬಯಲು ಎಲ್ಲದರ ಜೊತೆ ಮನುಷ್ಯನಿಗೆ ನೆಂಟತನ ಹಚ್ಚುತ್ತಾರೆ. ನಮ್ಮ ಜನಪದ ಹಾಡಲ್ಲಿ ಹೊಳೆಯನ್ನು ತಾಯಿ, ಅಕ್ಕ ಅನ್ನುವ ಹಾಗೆ.

ಎರಡಕ್ಷರದ_ಇನಿಷಿಯಲ್
ಹಾಗಾದರೆ ಇವರು ಕೆನಡಾದ ಕವಿಯೋ ಐಸ್‌ಲ್ಯಾಂಡಿನ ಕವಿಯೋ?

ತುಂಗೆ_ದಂಡೆ
ಐಸ್‌ಲ್ಯಾಂಡಿನವರು ಇವರನ್ನು ರಾಕಿ ಪರ್ವತದ ಕವಿ ಅನ್ನುತ್ತಾರೆ. ಕೆನಡಾದ ವಿದ್ವಾಂಸ ವಾಟ್ಸನ್ ಕರ್ಕ್‌ಕನಲ್ 1930ರ ದಶಕದಲ್ಲೇ ಇವರನ್ನು ಕೆನಡಾದ ಮುಂಚೂಣಿ ಕವಿ ಅಂತ ಕರೆದರು. ಇಂಗ್ಲಿಷಿನಲ್ಲಿ ಬರೆಯದ ಕವಿಯನ್ನು! ಎರಡೂ ಕಡೆಯವರು ನಮ್ಮವರು ಅಂದರೆ ಅದರಲ್ಲಿ ಜಗಳವೇನಿದೆ.

ಮೂರನೇ_ಬೆಂಚು
ನನ್ನದೊಂದು ಪ್ರಶ್ನೆ. ಆಂಡ್ವೋಕುರ್‌ಗೆ ಕನ್ನಡದಲ್ಲಿ ಏನು ಹೇಳಬೇಕು? "ನಿದ್ದೆಯಿಲ್ಲದ ರಾತ್ರಿಗಳು" ಉದ್ದವಾಯ್ತು, ಕಾಯಿಲೆ ಬಿದ್ದವರ ಮಾತಿನ ಹಾಗಿದೆ.

ಅಡಿಕೆ_ತೋಟ
ಜಾಗರಣೆ. ಮುಗೀತು.

ಪ್ರಾಸಪ್ರಿಯ
ಇಲ್ಲ ಸರ್, ಜಾಗರಣೆ ಅಂದ ತಕ್ಷಣ ಶಿವರಾತ್ರಿ ಬರುತ್ತದೆ. ಅದು ಬೇಕು ಅಂತ ಎದ್ದಿರುವುದು, ವ್ರತ. ಇವರದ್ದು ನಿದ್ದೆ ಬರದೆ ಎದ್ದಿರುವುದು.

ಶಾಲ್ಮಲೆ
ನಿದ್ದೆ ಬರದೆ ಅಂತ ಯಾಕೆ ಅಂದುಕೊಳ್ಳಬೇಕು? ಹಗಲೆಲ್ಲ ಹುಲ್ಲು ಕೊಯ್ದವನಿಗೆ ನಿದ್ದೆ ಬರದೆ ಇರುತ್ತಾ? ತಡೆದು ಕೂತದ್ದು. ನಮ್ಮ ಕಡೆ "ನಿದ್ದೆಗೆಡುವುದು" ಅನ್ನುತ್ತಾರೆ. ಮಗುವಿಗೆ ಜ್ವರ ಬಂದರೆ ನಿದ್ದೆಗೆಡುತ್ತೇವೆ, ಕೊಯ್ಲಿನ ಹೊತ್ತಿಗೆ ಕಣ ಕಾಯುವಾಗ ನಿದ್ದೆಗೆಡುತ್ತೇವೆ.

ಪ್ರಾಸಪ್ರಿಯ
"ನಿದ್ದೆಗೆಟ್ಟ ಇರುಳು." ಇದು ಸರಿ ಕೂರುತ್ತದೆ ಮೇಡಂ.

ಅಡಿಕೆ_ತೋಟ
ಜಾಗರಣೆಯನ್ನು ನಾನು ಬಿಟ್ಟುಕೊಡುವುದಿಲ್ಲ. ಬರೆಯುವುದೂ ವ್ರತವೇ. ಆದರೆ ಕಣ ಕಾಯುವ ಮಾತು ಚೆನ್ನಾಗಿದೆ.

ಹಳೇ_ಮೈಸೂರು
ಸೆಪ್ಟೆಂಬರ್ ಕೊನೆಗೆ ತಂಗಿ ಕ್ಯಾಲ್ಗರಿಗೆ ಬರುತ್ತಿದ್ದಾಳೆ. ಆ ಮನೆ ನೋಡಬಹುದಾ?

ರೆಡ್‌ಡಿಯರ್_ಕನ್ನಡಿಗ
ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ಸೆಪ್ಟೆಂಬರ್ ಶುರುವಿನಲ್ಲೇ ಮುಚ್ಚುತ್ತಾರೆ. ಆದರೂ ಬರಲಿ, ಹೊರಗಿನಿಂದ ತೋರಿಸುತ್ತೇನೆ, ಮೆಡಿಸಿನ್ ಹೊಳೆ ದಂಡೆಯಲ್ಲಿ ಊಟ ಮಾಡೋಣ. ಅಮ್ಮ ಪುಳಿಯೋಗರೆ ಕಟ್ಟಿಕೊಡುತ್ತಾರೆ.

ಶಾಲ್ಮಲೆ ಅವರೇ, ಒಂದು ಕೇಳಬಹುದಾ? ನಿಮ್ಮಪ್ಪನ ಆ ನೋಟ್‌ಬುಕ್ಕಿನ ಪದಗಳನ್ನು ಇಲ್ಲಿ ಹಾಕುತ್ತೀರಾ? ನಾನು ಟೈಪ್ ಮಾಡಿಕೊಡುತ್ತೇನೆ. ರಾತ್ರಿ ಮಕ್ಕಳು ಮಲಗಿದ ಮೇಲೆ ನನಗೆ ಒಂದು ಗಂಟೆ ಸಿಗುತ್ತದೆ.

ಪ್ರಾಸಪ್ರಿಯ
ಹಾಕಿ ಮೇಡಂ. ತಾಳ ನಾನು ನೋಡುತ್ತೇನೆ.

ಅಡಿಕೆ_ತೋಟ
ನನಗೂ ಕಳಿಸಿ. ಏಕತಾಳವೋ ಅಷ್ಟತಾಳವೋ ಪ್ರಾಸಪ್ರಿಯರಿಗೆ ಬಿಡುವುದಕ್ಕೆ ಧೈರ್ಯ ಸಾಲದು, ನಾನೂ ಕೂರುತ್ತೇನೆ.

ಶಾಲ್ಮಲೆ
ಅಣ್ಣನಿಗೆ ಫೋನ್ ಮಾಡಿದೆ. ಭಾನುವಾರ ಫೋಟೊ ತೆಗೆದು ಕಳಿಸುತ್ತಾನಂತೆ. ಮೊದಲ ಎರಡು ಹಾಳೆ ಗೆದ್ದಲು ತಿಂದಿದೆ. ಮೂರನೆಯದರಿಂದ ಶುರು ಮಾಡೋಣ.